ಮಂಡಿಯಲ್ಲಿ ಕಾಣೆಯಾದ ಒಂದು ಇಂಚು

2025ರ ಮೇ 17, ಶನಿವಾರ ಮಧ್ಯಾಹ್ನ 3 ಗಂಟೆ 40 ನಿಮಿಷಕ್ಕೆ ದೊಡ್ಡೇರಿಯ ಟೈಲರ್ ಅಂಜನಪ್ಪನವರು ಪಕ್ಕದ ಮನೆಯ ಓಬಳಯ್ಯನವರ ಪಡಸಾಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬಿತ್ತನೆ ಕಡ್ಲೆಕಾಯಿ ಸುಲಿಯುತ್ತಿದ್ದರು. ಕೂತದ್ದು ಬೆಳಿಗ್ಗೆ 10 ಗಂಟೆ 10 ನಿಮಿಷಕ್ಕೆ. ಈ ಹೊತ್ತುಗಳು ಓಬಳಯ್ಯನವರ ಗೋಡೆ ಗಡಿಯಾರದವು. ಅದು ಐದು ನಿಮಿಷ ಮುಂದೆ ಓಡುತ್ತದೆಂದು ಆ ಮನೆಯವರೇ ಹೇಳಿದ್ದರಿಂದ ಐದು ನಿಮಿಷ ಕಳೆದು ಬರೆದಿದ್ದೇನೆ. ಈ ಐದೂವರೆ ಗಂಟೆಯಲ್ಲಿ ಅಂಜನಪ್ಪನವರು ಒಮ್ಮೆಯೂ ಎದ್ದಿರಲಿಲ್ಲ. ಊಟದ ತಟ್ಟೆ ಕೂತಲ್ಲಿಗೇ ಬಂದಿತ್ತು. ಏಳಬೇಕಾದೀತು ಎಂದು ನೀರನ್ನು ಎರಡು ಗುಟುಕಿಗಿಂತ ಹೆಚ್ಚು ಕುಡಿದಿರಲಿಲ್ಲ.

ನಮ್ಮ ಕಡೆ ಮುಂಗಾರಿಗೆ ಮುಂಚೆ ಬಿತ್ತನೆ ಕಡ್ಲೆಕಾಯಿಯನ್ನು ಕೈಯಲ್ಲೇ ಸುಲಿಯುತ್ತಾರೆ. ಮಿಷಿನ್ನಿಗೆ ಹಾಕಿದರೆ ಬೀಜದ ಕೆಂಪು ಸಿಪ್ಪೆ ತರಚುತ್ತದೆ, ಕೆಲವು ಬೇಳೆಯಾಗಿ ಒಡೆಯುತ್ತವೆ. ಅಂಥವು ನೆಲದಲ್ಲಿ ಸರಿಯಾಗಿ ಮೊಳೆಯುವುದಿಲ್ಲ. ಆದ್ದರಿಂದ ಒಂದು ದಿನ ಒಬ್ಬರ ಮನೆ, ಇನ್ನೊಂದು ದಿನ ಇನ್ನೊಬ್ಬರ ಮನೆ ಎಂದು ನೆರೆಹೊರೆಯವರು ಸೇರಿಕೊಂಡು ಸುಲಿಯುತ್ತಾರೆ. ಹೆಂಗಸರು ಕಾಲು ಚಾಚಿ ಕೂರುತ್ತಾರೆ, ಗಂಡಸರು ಕುಕ್ಕರಗಾಲಲ್ಲಿ. ಹೀಗೇ ಕೂರಬೇಕೆಂದು ಯಾರೂ ಬರೆದಿಟ್ಟಿಲ್ಲ. ಆದರೆ ಕಾಲು ಚಾಚಿದ ಗಂಡಸಿಗೆ ಆ ದಿನ ಮುಗಿಯುವವರೆಗೆ ನೆಮ್ಮದಿ ಇರುವುದಿಲ್ಲ.

ಅವತ್ತು ಶುರು ಮಾಡಿದವರು ಓಬಳಯ್ಯ.

“ಲೇ ಅಂಜನಪ್ಪ, ನೀನು ಸ್ಟೂಲ್ ಮ್ಯಾಲಿನ ಮನ್ಸ ಕಣ್ಲಾ. ನೆಲ ನಿಂಗೆ ಆಗಿಬರಲ್ಲ. ಇನ್ನರ್ಧ ಗಂಟೇಲಿ ಗೋಡೆ ಹಿಡ್ಕಂಡು ಎದ್ದೇಳ್ತೀಯ, ನೋಡ್ತಿರು.”

“ನೀನು ಏಳೋಗಂಟ ನಾನು ಏಳಲ್ಲ, ಹೋಗ್ಲಾ.”

ಓಬಳಯ್ಯ ಅರವತ್ತು ದಾಟಿದ ರೈತ. ಹೊಲದ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತೇ ಅರ್ಧ ಆಯುಷ್ಯ ಕಳೆದವರು. ಆದರೆ ಅವರು ಬೀಡಿಗೆ ಅಂತ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾರೆ, ಕುಂಟುನೆಪದಲ್ಲಿ ಸೊಂಟ ಸ್ವಲ್ಪ ಎತ್ತಿ ಮತ್ತೆ ಇಳಿಸುತ್ತಾರೆ. ಅಂಜನಪ್ಪನವರು ಪಂದ್ಯವೆಂದರೆ ಪಂದ್ಯ ಎಂದು ಅಲ್ಲಾಡದೆ ಕೂತರು. 3 ಗಂಟೆ 40ಕ್ಕೆ ಓಬಳಯ್ಯ, “ಹಸುಗೆ ನೀರಿಕ್ಬೇಕು ಕಣಪ್ಪ,” ಎಂದು ಎದ್ದೇಬಿಟ್ಟರು. ಪಡಸಾಲೆಯಲ್ಲಿದ್ದ ಹೆಂಗಸರೆಲ್ಲ ಹೋ ಎಂದರು. ಗೆದ್ದವರು ಏಳಬೇಕಷ್ಟೆ. ಅಂಜನಪ್ಪನವರು ಎದ್ದರು, ಒಂದು ಹೆಜ್ಜೆ ಇಟ್ಟರು, ಬಲಪಾದ ಒದ್ದೆ ಬಟ್ಟೆಯಂತೆ ಮಡಚಿಕೊಂಡಿತು. ಸುಲಿದ ಬೀಜದ ರಾಶಿಯ ಮೇಲೆ ಅವರು ಉದ್ದಕ್ಕೆ ಬಿದ್ದರು.

“ಬೀಜ! ಬೀಜ!” ಎಂದು ಓಬಳಯ್ಯ ಕೂಗಿದರು. ಇದನ್ನು ಅಂಜನಪ್ಪನವರು ಇವತ್ತಿಗೂ ಕ್ಷಮಿಸಿಲ್ಲ.

ಮೊದಲು ಎಲ್ಲರೂ ಜೋಮು ಹಿಡಿದಿದೆ ಎಂದುಕೊಂಡರು. ತಿಕ್ಕಿದರು, ಬಿಸಿನೀರು ಹಾಕಿದರು. ಜೋಮು ಅರ್ಧ ಗಂಟೆಯಲ್ಲಿ ಬಿಟ್ಟಿತು, ಆದರೆ ಪಾದ ಮೇಲಕ್ಕೆ ಏಳಲಿಲ್ಲ. ಕೆಳಕ್ಕೆ ಒತ್ತಲು ಬರುತ್ತಿತ್ತು, ಬೆರಳುಗಳನ್ನು ಎತ್ತಲು ಬರುತ್ತಿರಲಿಲ್ಲ. ಮಾರನೆಯ ದಿನವೂ ಹಾಗೇ, ಮುಂದಿನ ವಾರವೂ ಹಾಗೇ. ಅವರು ಕೆಸರುಗದ್ದೆಯಲ್ಲಿ ನಡೆಯುವವರಂತೆ ಮಂಡಿಯನ್ನು ಎತ್ತಿ ಎತ್ತಿ ಇಡಬೇಕಾಯಿತು. ಸರಾಸರಿ ನಾಲ್ಕು ಹೆಜ್ಜೆಗೊಮ್ಮೆ ಬಲಗಾಲಿನ ಚಪ್ಪಲಿ ಹಿಂದೆ ಉಳಿಯುತ್ತಿತ್ತು. ಈ ಲೆಕ್ಕ ಅವರದೇ.

ತಪ್ಪಿತಸ್ಥ ಭಾವನೆಯಿಂದ ದಿನಕ್ಕೆರಡು ಸಲ ಬಂದು ನೋಡಿಹೋಗುತ್ತಿದ್ದ ಓಬಳಯ್ಯ, ಇದು ಲಕ್ವವೇ ಎಂದರು. ಪಾರಿವಾಳದ ರಕ್ತ ಹಚ್ಚಬೇಕು, ಪಾರಿವಾಳ ತರುವ ಜವಾಬ್ದಾರಿ ತನ್ನದು ಎಂದರು.

“ಲಕ್ವ ಹೊಡೆದ್ರೆ ಬಾಯಿ ಸೊಟ್ಟಗಾಗ್ಬೇಕು ಕಣಣ್ಣ,” ಎಂದರು ಅಂಜನಪ್ಪನವರ ಹೆಂಡತಿ ಕದರಮ್ಮ. “ಈ ಬಾಯಿ ನೋಡು. ಏನಾರ ನಿಂತೈತಾ?”

ಆ ಬಾಯಿಯ ಬಗ್ಗೆ ಒಂದು ಮಾತು ಹೇಳಬೇಕು. ಅಂಜನಪ್ಪನವರಿಗೆ ಐವತ್ತೆಂಟು ವರ್ಷ. ಮೂವತ್ತೈದು ವರ್ಷಗಳಿಂದ ದೊಡ್ಡೇರಿ ಬಸ್‌ಸ್ಟಾಪಿನ ಎದುರು ಒಂದೇ ಅಂಗಡಿ, ಒಂದೇ ಕಾಲುಮಿಷಿನ್. ಅಳತೆ ತೆಗೆಯುವಾಗ ಅವರು ಅಂಕಿಗಳನ್ನು ಜೋರಾಗಿ ಕೂಗುತ್ತಾರೆ. ಒಳಗೆ ಗುಂಡಿ ಹಾಕುತ್ತ ಕೂತ ಕದರಮ್ಮ ಅವನ್ನು ಬರೆದುಕೊಳ್ಳಬೇಕು. ಮಿಷಿನ್ ಸದ್ದು, ಬಸ್ಸಿನ ಸದ್ದು ಎರಡನ್ನೂ ದಾಟಿ ಆ ಅಂಕಿ ಒಳಗೆ ಹೋಗಬೇಕು. ಹಾಗಾಗಿ ಆ ಬೀದಿಯಲ್ಲಿ ಯಾರ ಸೊಂಟ ಎಷ್ಟು, ಯಾರದು ಕಳೆದ ದೀಪಾವಳಿಗಿಂತ ಎಷ್ಟು ಹೆಚ್ಚಿದೆ ಎನ್ನುವುದು ಬಸ್ಸಿಗೆ ಕಾಯುವವರಿಗೆಲ್ಲ ತಿಳಿದಿರುತ್ತದೆ. ಪಂಚಾಯ್ತಿ ಮೆಂಬರೊಬ್ಬರು ಈ ಕಾರಣಕ್ಕೇ ಅಳತೆ ಕೊಡಲು ಮಧುಗಿರಿಗೆ ಹೋಗುತ್ತಾರೆ.

ಇನ್ನೊಂದು ಅಭ್ಯಾಸವೂ ಇದೆ. ಪ್ಯಾಂಟಿಗೆ ಬಂದ ಪ್ರತಿಯೊಬ್ಬರಿಗೂ ಅವರ ಮೊದಲ ಪ್ರಶ್ನೆ: “ಕೂತು ಮಾಡೋ ಕೆಲ್ಸಾನೋ, ನಿಂತು ಮಾಡೋದೋ?” ನೆಲದ ಮೇಲೆ ಕೂರುವವರಾದರೆ ಅವರನ್ನು ಅಲ್ಲೇ ಕೂರಿಸಿ, ಮಡಚಿದ ಮಂಡಿಯ ಮೇಲೆ ಇನ್ನೊಂದು ಅಳತೆ ಹಿಡಿಯುತ್ತಾರೆ. ಹೊಲಿದ ಪ್ಯಾಂಟು ನಿಂತಾಗ ಸ್ವಲ್ಪ ಸಡಿಲ ಕಾಣುತ್ತದೆ, ಆದರೆ ಯಾರ ಪ್ಯಾಂಟೂ ಇದುವರೆಗೆ ಸಭೆಯಲ್ಲಿ ಹರಿದಿಲ್ಲ.

ಈಗ ಆ ಕಾಲುಮಿಷಿನ್ ನಿಂತುಹೋಗಿತ್ತು. ತುಳಿಯುವ ಹಲಗೆಯ ಮೇಲೆ ಪಾದ ಮುಂದಕ್ಕೂ ಹಿಂದಕ್ಕೂ ಸಮವಾಗಿ ತೂಗಬೇಕು. ಅವರ ಬಲಪಾದ ಮುಂದಕ್ಕೆ ಬಿದ್ದರೆ ಅಲ್ಲೇ ಉಳಿಯುತ್ತಿತ್ತು. ಚಕ್ರ ಹಿಂದಕ್ಕೆ ತಿರುಗುತ್ತಿತ್ತು, ದಾರ ತುಂಡಾಗುತ್ತಿತ್ತು. ಒಂದು ದಿಂಬಿನ ಕವರಿಗೆ ಹನ್ನೊಂದು ಸಲ ದಾರ ಪೋಣಿಸಿದ ಮೇಲೆ ಅವರು ಮಿಷಿನ್ ಮೇಲೆ ಬಟ್ಟೆ ಹೊದಿಸಿ ಬಾಗಿಲು ಹಾಕಿದರು.

“ಮೋಟರ್ ಹಾಕ್ಸು,” ಎಂದರು ಓಬಳಯ್ಯ.

“ಮೋಟರ್‌ಗೂ ಕಾಲಲ್ಲೇ ತುಳೀಬೇಕು ಕಣ್ಲಾ. ಅದೇನು ಬಾಯಲ್ಲಿ ಊದ್ತಾರಾ?”

ಕದರಮ್ಮನವರು ನನಗೆ ಹೇಳಿದ್ದು: ಆ ದಿನಗಳಲ್ಲಿ ಗಂಡ ಮನೆಯಲ್ಲಿ ಕೂತಲ್ಲೇ ಎಡಗಾಲಿನಿಂದ ನೆಲ ತುಳಿಯುತ್ತಿದ್ದರಂತೆ, ಊಟ ಮಾಡುವಾಗಲೂ. ಬಲಗಾಲನ್ನು ಮಾತ್ರ ನೋಡುತ್ತಿರಲಿಲ್ಲವಂತೆ.

ಜೂನ್ 5ರ ಗುರುವಾರ ಗಂಡ ಹೆಂಡತಿ ಇಬ್ಬರೂ ಮಧುಗಿರಿಗೆ ಬಂದರು. ತಿಂಗಳ ಮೊದಲ ಗುರುವಾರ ನರರೋಗದ ಡಾಕ್ಟರ್ ವನಜಾ ಅವರು ಮಧುಗಿರಿಯ ಒಂದು ಸಣ್ಣ ಕ್ಲಿನಿಕ್ಕಿಗೆ ಬರುತ್ತಾರೆ. ನರ ಪರೀಕ್ಷಿಸುವ ಯಂತ್ರ ನಡೆಸುವವನು ನಾನು.

ಮಂಡಿಯ ಹೊರಬದಿಯಲ್ಲಿ, ಕೀಲಿಗಿಂತ ಎರಡು ಬೆರಳು ಕೆಳಗೆ, ಒಂದು ಮೂಳೆಯ ಗಂಟು ಕೈಗೆ ಸಿಗುತ್ತದೆ. ಪಾದವನ್ನು ಮೇಲಕ್ಕೆತ್ತುವ ನರ ಅದರ ಹಿಂದಿನಿಂದ ಸುತ್ತಿ ಬರುತ್ತದೆ. ಅಲ್ಲಿ ಅದಕ್ಕೆ ಮಾಂಸದ ರಕ್ಷಣೆ ಇಲ್ಲ. ಮೇಲೆ ಚರ್ಮ, ಕೆಳಗೆ ಮೂಳೆ. ಗಂಟೆಗಟ್ಟಲೆ ಮಂಡಿ ಪೂರ್ತಿ ಮಡಚಿ ಕೂತರೆ ನರ ಅಲ್ಲಿ ಅದುಮಿಹೋಗುತ್ತದೆ. ತಂತಿ ತುಂಡಾಗಿರುವುದಿಲ್ಲ, ಆ ಜಾಗದಲ್ಲಿ ಸಂದೇಶ ದಾಟುವುದಿಲ್ಲ, ಅಷ್ಟೆ. ಸಾಮಾನ್ಯವಾಗಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನೇ ಸರಿಹೋಗುತ್ತದೆ. ಹೋಗದಿದ್ದರೆ ನರವನ್ನು ಏನಾದರೂ ಹಿಡಿದುಕೊಂಡಿದೆಯೇ ಎಂದು ನೋಡಬೇಕಾಗುತ್ತದೆ.

ಪರೀಕ್ಷೆ ಸರಳ. ಪಾದದ ಮೇಲೆ ಒಂದು ಬಿಲ್ಲೆ ಅಂಟಿಸುತ್ತೇವೆ. ಮೂಳೆಯ ಗಂಟಿನ ಕೆಳಗೆ ಒಂದು ಕಡೆ, ಮೇಲೆ ಮಂಡಿಯ ಹಿಂಬದಿಯಲ್ಲಿ ಒಂದು ಕಡೆ ಪೆನ್ನಿನಿಂದ ಗುರುತು ಹಾಕಿ, ಎರಡೂ ಕಡೆ ಸಣ್ಣ ಶಾಕ್ ಕೊಡುತ್ತೇವೆ. ಎರಡು ಶಾಕ್‌ಗಳ ಸಂದೇಶ ಪಾದ ತಲುಪಲು ತೆಗೆದುಕೊಂಡ ಸಮಯದ ವ್ಯತ್ಯಾಸವನ್ನು ಯಂತ್ರ ಹೇಳುತ್ತದೆ. ಎರಡು ಗುರುತುಗಳ ನಡುವಿನ ದೂರವನ್ನು ಟೇಪಿನಲ್ಲಿ ನಾನು ಅಳೆಯುತ್ತೇನೆ. ದೂರವನ್ನು ಸಮಯದಿಂದ ಭಾಗಿಸಿದರೆ ವೇಗ.

ಟೇಪು ನೋಡಿದ್ದೇ ಅಂಜನಪ್ಪನವರ ಮುಖ ಅರಳಿತು. ಅದು ಟೈಲರ್ ಟೇಪೇ, ಒಂದು ಬದಿ ಸೆಂಟಿಮೀಟರು, ಇನ್ನೊಂದು ಬದಿ ಇಂಚು.

“ನಾಲ್ಕಿಂಚು!” ಎಂದು ಕೂಗಿದರು, ನಾನು ಬಾಯಿ ತೆರೆಯುವ ಮೊದಲೇ. ಹೊರಗೆ ಬೆಂಚಿನ ಮೇಲಿದ್ದವರು ಒಳಗೆ ಇಣುಕಿದರು.

10.2 ಸೆಂಟಿಮೀಟರು, 2.6 ಮಿಲಿಸೆಕೆಂಡು. ಸೆಕೆಂಡಿಗೆ 39 ಮೀಟರ್. ಕಾಲಿನ ಉಳಿದ ಭಾಗದಲ್ಲಿ ಅದೇ ನರದ ವೇಗ 50 ಇತ್ತು. ಮೇಲಿನಿಂದ ಕೊಟ್ಟ ಶಾಕ್‌ಗೆ ಪರದೆಯ ಮೇಲೆ ಬಂದ ಅಲೆ ತೀರಾ ಗಿಡ್ಡ, ಕೆಳಗಿನಿಂದ ಕೊಟ್ಟಾಗ ಎತ್ತರ. ಅಂದರೆ ಹೆಚ್ಚಿನ ಸಂದೇಶ ನಡುವೆಯೇ ನಿಂತುಹೋಗುತ್ತಿತ್ತು.

“ಗಂಟೆಗೆ ಎಷ್ಟಾಯ್ತು ಸಾರ್?” ಎಂದು ಕೇಳಿದರು.

“ಸುಮಾರು 141 ಕಿಲೋಮೀಟರ್.”

“ಪಾವಗಡದ ಎಕ್ಸ್‌ಪ್ರೆಸ್ ಬಸ್ಸಿಗಿಂತ ಜೋರು. ಆದ್ರೂ ಒಂದು ಪಾದ ಎತ್ತಕ್ಕಾಗಕಿಲ್ವಲ್ಲ!”

ಡಾಕ್ಟರ್ ಅವರು ವಿವರಿಸಿ ಹೇಳಿದರು: ಕಾಯಬೇಕು, ನರಕ್ಕೆ ಒತ್ತಡ ಬೀಳಬಾರದು, ಕುಕ್ಕರಗಾಲಲ್ಲಿ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು, ಮುಂದಿನ ತಿಂಗಳು ಬರಬೇಕು. ಅಂಜನಪ್ಪನವರು ಒಂದೇ ಒಂದು ಪ್ರಶ್ನೆ ಕೇಳಿದರು.

“ಮಿಷಿನ್ ತುಳಿತೀನಾ ಮೇಡಮ್?”

“ತುಳಿಯಬಹುದು ಅಂತ ನನ್ನ ನಂಬಿಕೆ. ಮುಂದಿನ ಸಲ ವೇಗ ಹೆಚ್ಚಿದ್ದರೆ ಧೈರ್ಯವಾಗಿ ಹೇಳ್ತೀನಿ.”

ಒತ್ತಡದ ಮಾತನ್ನು ಕದರಮ್ಮನವರು ತಮ್ಮ ರೀತಿಯಲ್ಲಿ ಜಾರಿಗೆ ತಂದರು. ನರಕ್ಕೆ ಒತ್ತಡ ಬೀಳಬಾರದು ಅಂದರೆ ಮೆತ್ತಗೆ ಇರಬೇಕು. ಮೆತ್ತಗೆ ಇರಬೇಕು ಅಂದರೆ ದಿಂಬು ಬೇಕು. ಅಂಗಡಿಯಲ್ಲಿ ಮೂವತ್ತೈದು ವರ್ಷದಿಂದ ಬಿದ್ದಿದ್ದ ಬಟ್ಟೆಯ ಚೂರುಗಳನ್ನೆಲ್ಲ ತುಂಬಿ ಕೈಯಲ್ಲೇ ಒಂದು ದಿಂಬು ಹೊಲಿದರು. ಅದು ದಿಂಬು ಎನ್ನುವುದಕ್ಕಿಂತ ಅರ್ಧ ಮೂಟೆ. ಹಗಲೂ ರಾತ್ರಿ ಅದರ ಮೇಲೆ ಬಲಮಂಡಿಯನ್ನು ಇಡಿಸಿದರು. ಒಂದು ದಿನ ಓಬಳಯ್ಯ ಅದರ ಮೇಲೆ ಕೂರಲು ಹೋಗಿ ಬೈಸಿಕೊಂಡರು.

ಜುಲೈ 3ರ ಗುರುವಾರ ದಿಂಬೂ ಅವರ ಜೊತೆ ಬಸ್ಸಿನಲ್ಲಿ ಬಂತು. ಓಬಳಯ್ಯ ಅದನ್ನು ಹೆಗಲ ಮೇಲೆ ಹೊತ್ತು ತಂದಿದ್ದರು. ಅಂಜನಪ್ಪನವರು ಮಂಚದ ಮೇಲೆ ಮಲಗಿದ ಕೂಡಲೇ ಕದರಮ್ಮನವರು ಅದನ್ನು ಮಂಡಿಯ ಕೆಳಗೆ ತುರುಕಿದರು. ಮಂಡಿ ಹೆಚ್ಚು ಕಡಿಮೆ ಲಂಬಕೋನಕ್ಕೆ ಮಡಚಿಕೊಂಡಿತು. ಮಂಚದ ಎದುರಿನ ಗೋಡೆಯ ಮೇಲೆ ನನ್ನದೇ ಕೈಬರಹದಲ್ಲಿ ‘ಮಂಡಿ ನೇರವಾಗಿರಲಿ’ ಎಂದು ಚೀಟಿ ಇದೆ. ನಾನು ಅದನ್ನು ನೋಡಲಿಲ್ಲ. ಹೊರಗೆ ಹದಿನಾಲ್ಕು ಜನ ಕಾಯುತ್ತಿದ್ದರು, ರೋಗಿ ಆರಾಮವಾಗಿ ಮಲಗಿದ್ದಾರೆ, ಇರಲಿ ಎಂದುಕೊಂಡೆ. ತಪ್ಪು ನನ್ನದು. ದಿಂಬಿನದಲ್ಲ.

ಗುರುತು ಹಾಕಿದೆ, ಶಾಕ್ ಕೊಟ್ಟೆ, ಟೇಪು ಹಿಡಿದೆ. ಈ ಸಲ ಅವರು ಕೂಗಲಿಲ್ಲ. ಟೇಪನ್ನೇ ನೋಡುತ್ತಿದ್ದರು. 7.6 ಸೆಂಟಿಮೀಟರು, 2.2 ಮಿಲಿಸೆಕೆಂಡು. ಸೆಕೆಂಡಿಗೆ ಮೂವತ್ತನಾಲ್ಕೂವರೆ ಮೀಟರ್.

ವೇಗ ಇಳಿದಿತ್ತು. ಅಲೆಯ ಎತ್ತರ ಮಾತ್ರ ಮೊದಲಿಗಿಂತ ಹೆಚ್ಚಿತ್ತು. ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲ, ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಕಾಗದವನ್ನು ಡಾಕ್ಟರ್ ಅವರಿಗೆ ಕೊಟ್ಟೆ.

ಅವರು ಎರಡು ಸಲ ಓದಿದರು. ಪಾದ ಎತ್ತಿಸಿ ನೋಡಿದರು. ಹೆಬ್ಬೆರಳು ಒಂದಿಷ್ಟು ಅಲುಗಿತು, ಅಷ್ಟೆ.

“ಅಂಜನಪ್ಪನವರೇ, ವೇಗ ಕಡಿಮೆಯಾಗಿದೆ. ನರವನ್ನ ಏನೋ ಹಿಡಿದುಕೊಂಡಿರಬಹುದು. ಬೆಂಗಳೂರಿಗೆ ಬರೆದುಕೊಡ್ತೀನಿ. ಅಲ್ಲಿ ಸ್ಕ್ಯಾನ್ ಮಾಡಿ, ಬೇಕು ಅನ್ನಿಸಿದರೆ ಆಪರೇಷನ್ ಮಾಡಿ ಬಿಡಿಸ್ತಾರೆ.”

ಕದರಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಬಾಗಿಲಲ್ಲಿ ನಿಂತಿದ್ದ ಓಬಳಯ್ಯ, “ನಾನೇ ಕಣಮ್ಮ ಕೂರ್ಸಿದ್ದು, ನಾನೇ,” ಎಂದು ಡಾಕ್ಟರ್ ಅವರಿಗೆ ತಪ್ಪೊಪ್ಪಿಕೊಳ್ಳತೊಡಗಿದರು. ಅಂಜನಪ್ಪನವರು ಮಾತ್ರ ನನ್ನ ಕಡೆ ತಿರುಗಿದರು.

“ಸಾರ್, ಟೇಪು ಕೊಡಿ ಒಸಿ.”

ಕೊಟ್ಟೆ. ಅದರ ತುದಿಯ ತಗಡನ್ನು ಉಗುರಿನಿಂದ ನೋಡಿದರು. ತಮ್ಮ ಜೇಬಿನಿಂದ ತಮ್ಮ ಟೇಪು ತೆಗೆದು ಎರಡನ್ನೂ ಜೋಡಿಸಿ ಎಳೆದರು. ಎರಡೂ ಸಮನಾಗಿದ್ದವು.

“ಟೇಪು ಹಿಗ್ಗಿಲ್ಲ. ಹೋದ ತಿಂಗ್ಳು ನೀವು ಹಿಡಿದಿದ್ದು ನಾಲ್ಕಿಂಚು. ಇವತ್ತು ಮೂರು. ಕಾಲು ಅದೇ, ಮನ್ಸ ಅದೇ. ಒಂದಿಂಚು ಎಲ್ಲೋಯ್ತು?”

“ಗುರುತು ಸ್ವಲ್ಪ ಹೆಚ್ಚುಕಮ್ಮಿ ಆಗಿರಬಹುದು...”

“ಹೆಚ್ಚುಕಮ್ಮಿ ಅಂದ್ರೆ ಕಾಲಿಂಚು ಆಗ್ಲಿ ಸಾರ್, ಒಪ್ತೀನಿ. ನಾಲ್ಕರಲ್ಲಿ ಒಂದು ತಪ್ಪಿದ್ರೆ ಗಿರಾಕಿ ನನ್ನ ಕೊಳ್ಪಟ್ಟಿ ಹಿಡೀತಾನೆ.” ಅವರು ತಮ್ಮ ಮಂಡಿಯನ್ನು ನೋಡಿಕೊಂಡರು, ದಿಂಬನ್ನು ನೋಡಿದರು. “ಲೇ ಕದರಮ್ಮ, ತೆಗಿ ಇದನ್ನ.”

“ನೋವಾಯ್ತದೆ ಕಣಯ್ಯ.”

“ತೆಗಿಯೇ!”

ದಿಂಬು ಹೊರಬಂತು. ಅವರು ಕಾಲನ್ನು ನೇರ ಮಾಡಿದರು. ಪೆನ್ನಿನ ಅದೇ ಎರಡು ಗುರುತುಗಳ ಮೇಲೆ ತಾವೇ ಬಗ್ಗಿ ಟೇಪು ಹಿಡಿದರು.

“ನಾಲ್ಕು!” ಎಂದರು. ಮಂಡಿ ಮಡಚಿದರು. “ಮೂರು!” ನೇರ ಮಾಡಿದರು. “ನಾಲ್ಕು! ಮಂಡಿ ಮುಂದ್ಗಡೆ ಬಟ್ಟೆ ಎಳೆಯುತ್ತೆ ಸಾರ್, ಹಿಂದ್ಗಡೆ ನಿರಿಗೆ ಬೀಳುತ್ತೆ. ನಿರಿಗೆ ಬಿದ್ದ ಕಡೆ ಅಳತೆ ತೆಗೆದ್ರೆ ಬಟ್ಟೆ ಕಮ್ಮಿ ಬರಲ್ವಾ? ಒಳಗಿರೋ ನರ ಕಮ್ಮಿ ಆಗಿಲ್ವಲ್ಲ.”

ಇದಕ್ಕಿಂತ ನಿಖರವಾಗಿ ನಾನು ಹೇಳಲಾರೆ. ಮಂಡಿ ಮಡಚಿದಾಗ ಹಿಂಬದಿಯ ಚರ್ಮ ಮುದುಡುತ್ತದೆ, ಗುರುತುಗಳು ಹತ್ತಿರವಾಗುತ್ತವೆ. ಒಳಗಿನ ನರ ಗಿಡ್ಡವಾಗುವುದಿಲ್ಲ, ಸಡಿಲವಾಗಿ ಡೊಂಕಾಗುತ್ತದೆ. ಸಂದೇಶ ಆ ಡೊಂಕನ್ನೆಲ್ಲ ಸುತ್ತಿಕೊಂಡೇ ಬರಬೇಕು, ಸಮಯವೂ ಅದಕ್ಕೆ ತಕ್ಕಂತೆ ಆಗುತ್ತದೆ. ನಾನು ನಾಲ್ಕು ಇಂಚಿನ ಸಮಯವನ್ನು ಮೂರು ಇಂಚಿನ ದೂರಕ್ಕೆ ಹಾಕಿ ಲೆಕ್ಕ ಮಾಡಿದ್ದೆ. ವೇಗ ಇಳಿದದ್ದು ಅವರ ನರದಲ್ಲಿ ಅಲ್ಲ, ನನ್ನ ಕಾಗದದಲ್ಲಿ.

ಡಾಕ್ಟರ್ ವನಜಾ ನನ್ನನ್ನು ನೋಡಿದರು. ಆಮೇಲೆ ಗೋಡೆಯ ಚೀಟಿಯನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಕಾಲು ನೇರ ಇಟ್ಟು ಪರೀಕ್ಷೆಯನ್ನು ಮೊದಲಿನಿಂದ ಮಾಡಿದೆ. ಓಬಳಯ್ಯ ಹಿಮ್ಮಡಿ ಹಿಡಿದುಕೊಳ್ಳುತ್ತೇನೆಂದು ಹಟ ಹಿಡಿದರು. ಹಿಡಿದರೆ ಶಾಕ್ ಅವರಿಗೂ ಹೊಡೆಯಬಹುದು ಎಂದು ಕದರಮ್ಮನವರು ಹೆದರಿಸಿದ ಮೇಲೆ ಬಿಟ್ಟರು. 10.2 ಸೆಂಟಿಮೀಟರು, 2.2 ಮಿಲಿಸೆಕೆಂಡು. ಸೆಕೆಂಡಿಗೆ 46 ಮೀಟರ್.

“ಹೆಚ್ಚಿದೆ,” ಎಂದರು ಡಾಕ್ಟರ್. “ಒಂದೇ ತಿಂಗಳಲ್ಲಿ ಚೆನ್ನಾಗಿ ಹೆಚ್ಚಿದೆ. ಬೆಂಗಳೂರು ಈಗ ಬೇಡ. ಇನ್ನೊಂದು ತಿಂಗಳು ನೋಡೋಣ. ಅಷ್ಟರಲ್ಲಿ ಪಾದ ಎದ್ದರೆ ಸರಿ. ಇಲ್ಲದಿದ್ದರೆ ಮಾತ್ರ ಹೋಗಲೇಬೇಕು.”

“ಎದ್ದೇಳುತ್ತೆ ಬುಡಿ ಮೇಡಮ್,” ಎಂದರು ಅಂಜನಪ್ಪನವರು. ಧ್ವನಿ ಜೋರಾಗಿಯೇ ಇತ್ತು. ಆದರೆ ಸೆಕೆಗೆ ಬಿಚ್ಚಿದ್ದ ಶರ್ಟಿನ ಗುಂಡಿ ಹಾಕಿಕೊಳ್ಳುವಾಗ ಒಂದು ಕಾಜಾ ತಪ್ಪಿತ್ತು. ಕದರಮ್ಮನವರು ಸುಮ್ಮನೆ ಅದನ್ನು ಬಿಚ್ಚಿ ಸರಿ ಮಾಡಿದರು.

ದಿಂಬನ್ನು ವಾಪಸ್ ಒಯ್ಯಲು ಓಬಳಯ್ಯ ಒಪ್ಪಲಿಲ್ಲ. ಅದು ಈಗಲೂ ನಮ್ಮ ಕ್ಲಿನಿಕ್ಕಿನಲ್ಲಿದೆ, ಬಾಗಿಲು ಗಾಳಿಗೆ ಬಡಿಯದಂತೆ ಒತ್ತಿ ಇಡುತ್ತೇವೆ.

ಆ ಒಂದು ತಿಂಗಳ ವಿಷಯ ನನಗೆ ತಿಳಿದದ್ದು ಕದರಮ್ಮನವರಿಂದ. ಡಾಕ್ಟರ್ ಹೇಳಿಕೊಟ್ಟಿದ್ದ ಪಾದ ಎತ್ತುವ ವ್ಯಾಯಾಮವನ್ನು ಅವರು ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ ಮಾಡಿಸುತ್ತಿದ್ದರು. ಎಣಿಕೆಯಲ್ಲಿ ಗಂಡ ಮೋಸ ಮಾಡುತ್ತಾರೆಂದು ಒಂದೊಂದು ಸಲಕ್ಕೆ ಒಂದೊಂದು ಗುಂಡಿಯನ್ನು ಡಬ್ಬಿಗೆ ಹಾಕುತ್ತಿದ್ದರು. ಜುಲೈ 19ರಂದು ಪಾದ ನೆಲದಿಂದ ಎರಡು ಬೆರಳು ಎದ್ದಿತು. 26ರಂದು ಚಪ್ಪಲಿ ಮನೆಯಿಂದ ಬಸ್‌ಸ್ಟಾಪಿನವರೆಗೆ ಕಾಲಲ್ಲೇ ಇತ್ತು. ಮಿಷಿನ್ ಮೇಲಿನ ಬಟ್ಟೆ ತೆಗೆಯಲು ಮಾತ್ರ ಅಂಜನಪ್ಪನವರು ಒಪ್ಪಲಿಲ್ಲ. ಡಾಕ್ಟರ್ ಹೇಳುವವರೆಗೆ ಮುಟ್ಟುವುದಿಲ್ಲ ಎಂದರು. ಮುಟ್ಟಿ, ದಾರ ತುಂಡಾದರೆ ನೋಡಲು ಆಗುವುದಿಲ್ಲ ಎನ್ನುವುದು ನಿಜವಾದ ಕಾರಣ ಎಂದು ಕದರಮ್ಮ ಹೇಳುತ್ತಾರೆ.

ಆಗಸ್ಟ್ 7ರ ಗುರುವಾರ ಬೆಳಿಗ್ಗೆ 11 ಗಂಟೆ 25 ನಿಮಿಷಕ್ಕೆ ಅವರ ಸರದಿ ಬಂತು. ನಾನು ಟೇಪು ಹಿಡಿದುಕೊಂಡಿದ್ದೆ, ಮಂಚ ಖಾಲಿಯಾಗಿತ್ತು. ಡಾಕ್ಟರ್ ಅವರು, “ಯಂತ್ರ ಆಮೇಲೆ. ಮೊದಲು ನಡೆದು ತೋರಿಸಿ,” ಎಂದರು. “ಬೆರಳುಗಳನ್ನ ಮೇಲೆತ್ತಿ, ಬರೀ ಹಿಮ್ಮಡಿ ಮೇಲೆ. ಹತ್ತು ಹೆಜ್ಜೆ ನಡೆದರೆ ಸಾಕು, ಮಿಷಿನ್ ತುಳಿಯೋಕೆ ಒಪ್ಪಿಗೆ ಕೊಡ್ತೀನಿ.”

ಹಿಮ್ಮಡಿಯ ಮೇಲೆ ನಡೆಯುವುದಕ್ಕೆ ಬೇಕಾಗುವುದು ಆ ಒಂದು ನರದ ಕೆಲಸವೇ. ಜೂನ್‌ನಲ್ಲಿ ಅವರಿಗೆ ಅರ್ಧ ಹೆಜ್ಜೆಯೂ ಆಗಿರಲಿಲ್ಲ.

ಅಂಜನಪ್ಪನವರು ಪಂಚೆಯನ್ನು ಮಂಡಿಯವರೆಗೆ ಎತ್ತಿ ಕಟ್ಟಿದರು, ಚಪ್ಪಲಿ ಬಿಟ್ಟರು. ಬಲಪಾದದ ಬೆರಳುಗಳು ಎದ್ದವು, ಎಡದಷ್ಟಲ್ಲದಿದ್ದರೂ ಎದ್ದವು. “ಒಂದು,” ಎಂದರು. ಒಂದು ಹೆಜ್ಜೆಯಾಯಿತು. “ಎರಡು.” ಐದಕ್ಕೆ ಸ್ವಲ್ಪ ಓಲಾಡಿದರು. ಓಬಳಯ್ಯ ಕೈ ಚಾಚಿದರು. “ಮುಟ್ಬ್ಯಾಡ ಕಣ್ಲಾ!” ಹತ್ತಕ್ಕೆ ಅವರು ಗೋಡೆಯ ಹತ್ತಿರ ಇದ್ದರು. ಡಾಕ್ಟರ್, “ಸಾಕು, ಸಾಕು, ಒಪ್ಪಿದೆ,” ಎಂದರು. ಅವರಿಗೆ ಅದು ಕೇಳಿಸಲಿಲ್ಲವೋ, ಕೇಳಿಸಿತೋ, ಬಾಗಿಲಿನ ಕಡೆ ತಿರುಗಿದರು. ಕಾಯುವ ಕೋಣೆಯಲ್ಲಿ ಜನ ಕಾಲು ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟರು. ಹೊರಗಿನ ಮೆಟ್ಟಿಲು ಮೂರು, ಅವನ್ನೂ ಹಿಮ್ಮಡಿಯಲ್ಲೇ ಇಳಿದರು. ನಾವು ನಾಲ್ವರೂ ಬಾಗಿಲಿಗೆ ಬರುವ ಹೊತ್ತಿಗೆ ಔಷಧಿ ಅಂಗಡಿ ದಾಟಿ, ಎಳನೀರಿನ ಗಾಡಿ ದಾಟಿ, ಪಂಚೆ ಎತ್ತಿ ಹಿಡಿದು, ಬಾತುಕೋಳಿಯಂತೆ ರಸ್ತೆ ಬದಿಯಲ್ಲಿ ಹೋಗುತ್ತಲೇ ಇದ್ದರು. ಬಸ್‌ಸ್ಟ್ಯಾಂಡಿನ ಕಡೆಯಿಂದ ಬಂದ ಆಟೋದವನು ಬ್ರೇಕ್ ಹಾಕಿ, “ಏನಣ್ಣ, ಕಾಲಿಗೇನಾಯ್ತು?” ಎಂದು ಕೇಳಿದ.

ಅವರು ನಿಲ್ಲಲಿಲ್ಲ. ಅವನ ಕಡೆ ತಿರುಗಿ, ಇಡೀ ರಸ್ತೆಗೆ ಕೇಳುವಂತೆ, ಅಲ್ಲಿಯವರೆಗೆ ಆದ ಹೆಜ್ಜೆಗಳ ಲೆಕ್ಕವನ್ನು ಹೇಳಿದರು:

“ಐವತ್ತೇಳು!”